ಒಂದು ಗೇಣು ಒಳಮಡಿಕೆ

ಪುಟ್ಟಮಾದಮ್ಮ ಮಕ್ಕಳ ಬಟ್ಟೆಯನ್ನು ಕೈಗೆತ್ತಿಕೊಂಡರೆ ಮೊದಲು ಕೇಳುವುದು ಅಳತೆಯನ್ನಲ್ಲ. “ಕೂಸಿನ ಸೋದರಮಾವ ಎಷ್ಟ್ ಎತ್ತರ ಅವ್ನೆ?” ಅಂತ ಕೇಳುತ್ತಾಳೆ.

ಹೊಸಬರು ತಬ್ಬಿಬ್ಬಾಗುತ್ತಾರೆ. ಐದನೇ ಕ್ಲಾಸಿನ ಹುಡುಗಿಯ ಫ್ರಾಕಿಗೂ ಅವಳ ಸೋದರಮಾವನಿಗೂ ಏನು ಸಂಬಂಧ? ಹಳೆಯ ಗಿರಾಕಿಗಳಿಗೆ ಮಾತ್ರ ಸಂಬಂಧ ಗೊತ್ತು, ಕೂಸು ಸೋದರಮಾವನಷ್ಟೇ ಎತ್ತರ ಬೆಳೆಯುತ್ತದೆ ಅನ್ನುವುದು ಪುಟ್ಟಮಾದಮ್ಮನ ಲೆಕ್ಕ. “ನಮ್ಮಣ್ಣ ಬಾಗ್ಲಲ್ಲಿ ಬಗ್ಗೇ ಬರ್ಬೇಕು ಕಣಕ್ಕ” ಅನ್ನುತ್ತಾರೆ. ಪುಟ್ಟಮಾದಮ್ಮ ಮಗುವಿನ ಮಣಿಕಟ್ಟು ಹಿಡಿದು, ಪಾದ ನೋಡಿ, ಒಂದು ಗಳಿಗೆ ಕಣ್ಣು ಕಿರಿದು ಮಾಡಿ, “ಅಂಗಾದ್ರೆ ಒಂದ್ ಗೇಣೇ ಬೇಕು” ಅಂತ ತೀರ್ಮಾನ ಕೊಡುತ್ತಾಳೆ. ಆ ತೀರ್ಮಾನದ ಮೇಲೆ ಅಪೀಲಿಲ್ಲ.

ನಂಜನಗೂಡು, ತಿ. ನರಸೀಪುರದ ಸೀಮೆಯಲ್ಲಿ ಮಕ್ಕಳ ಮೈಗೆ ಅಳೆದಿಟ್ಟ ಹಾಗೆ ಬಟ್ಟೆ ತಂದವರನ್ನು ಯಾರೂ ಜಾಣರು ಅನ್ನುವುದಿಲ್ಲ. ‘ಬೆಳೆಯೋ ಕೂಸು’ ಅಂತ ಎರಡು ಸೈಜು ದೊಡ್ಡದೇ ತರಬೇಕು. ತಂದ ಮೇಲೆ ಒಳಗಡೆ ಮಡಚಿ ಹೊಲಿಸಬೇಕು. ಮಗು ಬೆಳೆದ ಹಾಗೆ ಹೊಲಿಗೆ ಬಿಚ್ಚಿಸಿ ಬಟ್ಟೆಯನ್ನೂ ಬೆಳೆಸಬೇಕು. ಆ ಒಳಮಡಿಕೆ ಹೊರಗಿನಿಂದ ಕಾಣಬಾರದು, ಬಿಚ್ಚಿದ ಮೇಲೆ ಗೆರೆಯೂ ಉಳಿಯಬಾರದು. ಇದು ಎಲ್ಲರ ಕೈಗೂ ಹತ್ತುವ ವಿದ್ಯೆಯಲ್ಲ, ಪುಟ್ಟಮಾದಮ್ಮನ ಕೈಗೆ ಹತ್ತಿತ್ತು. ಶನಿವಾರ ಭಾನುವಾರ ಕಾಲಿಡಲು ಜಾಗವಿಲ್ಲದಂತೆ ತುಂಬುವ ನಂಜನಗೂಡಿನ ಕಪಿಲಾ ಮಾಲು ಬೆಳೆದದ್ದು ಆ ಒಂದು ಗೇಣು ಬಟ್ಟೆಯಿಂದ ಅಂದರೆ ಮಾಲಿನವರಿಗೆ ಸಿಟ್ಟು ಬರಬಹುದು. ಬರಲಿ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒದೆಸಿಕೊಂಡಾದರೂ ಹೇಳಲೇಬೇಕಾದ ಕಥೆ ಇದು.

ಮಾಲಿಗೆ ಮೊದಲು ಆ ಜಾಗದಲ್ಲಿ ಗಿರಿಜಾ ಟಾಕೀಸು ಇತ್ತು. ಹೆಮ್ಮರಗಾಲದಲ್ಲಿ ಹುಟ್ಟಿ, ನಂಜನಗೂಡಿನ ನಾಗಯ್ಯನನ್ನು ಮದುವೆಯಾಗಿ ಬಂದ ಪುಟ್ಟಮಾದಮ್ಮ ತೊಂಬತ್ತೆಂಟನೇ ಇಸವಿಯಲ್ಲಿ ಅದರ ಕಾಂಪೌಂಡಿನ ಹೊರಗೆ ಹೊಲಿಗೆ ಮೆಷಿನ್ ಹಾಕಿಕೊಂಡು ಕೂತಳು. ಮೆಷಿನ್ ತಾಲ್ಲೂಕು ಪಂಚಾಯ್ತಿಯಿಂದ ಬಂದದ್ದು. ಆರು ತಿಂಗಳ ಟ್ರೈನಿಂಗ್ ಮುಗಿಸಿದ ಹೆಂಗಸರಿಗೆ ಕೊಡುತ್ತಿದ್ದರು. ಮೆಷಿನ್ ಕೊಟ್ಟ ಸರ್ಕಾರ ಅದನ್ನು ಇಡುವುದಕ್ಕೆ ಜಾಗ ಕೊಡಲಿಲ್ಲ. ಪೇಟೆ ಬೀದಿಯಲ್ಲಿ ಮಳಿಗೆ ಕೇಳಿಕೊಂಡು ಅವಳು ನಾಲ್ಕು ಕಡೆ ಅಲೆದಳು. ನಾಲ್ಕು ಕಡೆಯವರೂ ಮೊದಲು ಕೊಡುತ್ತೇವೆ ಅಂದರು, ಆಮೇಲೆ ‘ನಿಮ್ದು ಯಾವ ಬೀದಿ?’ ಅಂತ ಕೇಳಿದರು, ಅದಾದ ಮೇಲೆ ಮಳಿಗೆ ಬೇರೆಯವರಿಗೆ ಮಾತಾಗಿಬಿಟ್ಟಿದೆ ಅಂದರು. ಕಾರಣ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ನಾಲ್ಕನೆಯ ಬಾಗಿಲಿನಿಂದ ಇಳಿದು ಬರುವಾಗ ಅವಳ ಮನಸ್ಸಿನಲ್ಲಿ ಒಂದು ಹಟ ಕೂತಿತು. ಸಾಯುವುದರೊಳಗೆ ಇದೇ ಊರಿನಲ್ಲಿ, ರಸ್ತೆಗೆ ಮುಖ ಮಾಡಿದ, ತನ್ನ ಹೆಸರಿನ ಬೋರ್ಡಿರುವ ಅಂಗಡಿಯೊಂದನ್ನು ಮಾಡಿಯೇ ತೀರಬೇಕು.

ನಾಗಯ್ಯ ಲಗೇಜ್ ಆಟೋ ಓಡಿಸುತ್ತಿದ್ದ. ಹೆಂಡತಿಯ ಹಟ ಕೇಳಿ ನಕ್ಕ. “ಅಂಗಡಿ ಆಮೇಕೆ ಕಣಮ್ಮಿ, ಮೊದ್ಲು ಒಸಿ ನೆಳ್ಳು ನೋಡ್ಕೊ.” ನಕ್ಕರೂ ಬೆಳಿಗ್ಗೆ ಬೆಳಿಗ್ಗೆ ಮೆಷಿನ್ನನ್ನು ಆಟೋದಲ್ಲಿ ತಂದು ಟಾಕೀಸಿನ ಗೋಡೆ ಪಕ್ಕ ಇಳಿಸುತ್ತಿದ್ದ, ಸಂಜೆ ಮತ್ತೆ ಹೇರಿಕೊಂಡು ಹೋಗುತ್ತಿದ್ದ. ಅವನ ನಗೆಯೇ ಹಾಗೆ, ಅದರ ಹಿಂದೆ ಕೆಲಸವೂ ಇರುತ್ತಿತ್ತು.

ಒಳಮಡಿಕೆಯ ವಿದ್ಯೆ ಅವಳಿಗೆ ಒಲಿದದ್ದು ಆ ಗೋಡೆಯ ಪಕ್ಕದಲ್ಲೇ. ತಲಕಾಡು ಕಡೆಯ ದೇವೀರಮ್ಮ ಅನ್ನುವ ಹೆಂಗಸು ಮಗಳನ್ನು ಸುತ್ತೂರಿನಲ್ಲಿ ಓದಲು ಬಿಡುತ್ತಿದ್ದಳು. ಹುಡುಗಿ ಜೂನಿನಲ್ಲಿ ಹಾಸ್ಟೆಲ್ ಸೇರಿದರೆ ಮನೆ ಮುಖ ನೋಡುವುದು ದಸರಾಕ್ಕೆ. ಅಷ್ಟರೊಳಗೆ ಲಂಗ ಮೊಣಕಾಲಿಗೆ ಬಂದಿರುತ್ತದೆ. “ವರ್ಸ ಪೂರ್ತಿ ಬರಂಗೆ ಮಾಡ್ಕೊಡವ್ವ” ಅಂದಳು ದೇವೀರಮ್ಮ. ಪುಟ್ಟಮಾದಮ್ಮ ಹುಡುಗಿಯನ್ನು ನೋಡಿದಳು, ತಾಯಿಯನ್ನು ನೋಡಿದಳು, ಸೋದರಮಾವನ ಎತ್ತರ ವಿಚಾರಿಸಿದಳು. ಅಂಚಿನಲ್ಲಿ ಒಂದು, ಸೊಂಟದಲ್ಲಿ ಒಂದು, ಬ್ಲೌಸಿನ ತೋಳಿನಲ್ಲಿ ಒಂದು ಅಂತ ಮೂರು ಕಡೆ ಮಡಚಿ ಹೊಲಿದಳು. ಆ ಲಂಗ ಮೂರು ವರ್ಷ ಬಂತು. ಮೂರು ವರ್ಷವೂ ದೇವೀರಮ್ಮ ಬಿಚ್ಚಿಸಲು ಬಂದಳು, ಬರುವಾಗ ತನ್ನ ಬೀದಿಯ ಇನ್ನಿಬ್ಬರನ್ನು ಕರೆದುಕೊಂಡೇ ಬಂದಳು.

ಅವಳ ಲೆಕ್ಕ ತಪ್ಪಲೇ ಇಲ್ಲ ಅಂತೇನಿಲ್ಲ. ಹೆಮ್ಮರಗಾಲದ ಒಬ್ಬ ಹುಡುಗ, ಮಾದೇಶ್ ಅಂತ, ಒಂದೇ ವರ್ಷದಲ್ಲಿ ಹುರುಳಿ ಬಳ್ಳಿಯ ಹಾಗೆ ಎದ್ದುಬಿಟ್ಟ. ಎಲ್ಲ ಮಡಿಕೆ ಬಿಚ್ಚಿದರೂ ಪ್ಯಾಂಟು ಕಣಕಾಲಿನಿಂದ ಮೇಲೆ. ಪುಟ್ಟಮಾದಮ್ಮನಿಗೆ ಎಷ್ಟು ನಾಚಿಕೆಯಾಯಿತೆಂದರೆ ತನ್ನ ಕೈಯಿಂದಲೇ ಕಾಸು ಹಾಕಿ ಕಪ್ಪು ಬಟ್ಟೆ ತಂದು ಕೆಳಗೆ ಪಟ್ಟಿ ಕೊಟ್ಟಳು. ಮುಂದಿನ ವರ್ಷ ಆ ಊರಿನ ಹುಡುಗರೆಲ್ಲ ಪಟ್ಟಿ ಇರುವ ಪ್ಯಾಂಟೇ ಬೇಕು ಅಂತ ಕೂತರು.

ಕಾಲ ಕಳೆದ ಹಾಗೆ ಟಾಕೀಸಿಗೆ ಜನ ಕಡಿಮೆಯಾದರು. ಮಾಲೀಕ ಚಿಕ್ಕಬಸಪ್ಪನವರು ತೀರಿಕೊಂಡ ಮೇಲೆ ಮಗ ಶಿವರಾಜು ಟಾಕೀಸನ್ನು ಕೆಡವಿ, ಎರಡು ಸಾವಿರದ ಹದಿಮೂರರಲ್ಲಿ ಮಾಲು ಎಬ್ಬಿಸಿದರು. ಮೂರು ಮಹಡಿ, ಮುಂದಗಡೆ ಪೂರ್ತಿ ಗಾಜು, ಮಧ್ಯದಲ್ಲಿ ತಾನೇ ಹತ್ತುವ ಮೆಟ್ಟಿಲು. ಗೋಡೆ ಒಡೆಯುವ ದಿನ ಪುಟ್ಟಮಾದಮ್ಮ ಹೋಗಿ ಶಿವರಾಜು ಎದುರು ನಿಂತು, “ಮುಂದ್ಗಡೆ ಒಂದ್ ಚಿಕ್ ಮಳಿಗೆ ನಂಗೂ ಕೊಡಿ ಸಾ, ಬಾಡ್ಗೆ ಕಟ್ತೀನಿ” ಅಂದಿದ್ದಳು. ಶಿವರಾಜು ಕೆಟ್ಟ ಮನುಷ್ಯರಲ್ಲ, ಒಳ್ಳೆಯತನದಲ್ಲಿ ಒಂದಿಷ್ಟು ಜಿಪುಣರು. “ಹಿಂದ್ಗಡೆ ಮೆಟ್ಟಿಲ ಕೆಳಗೆ ಕೂತ್ಕೊ ಕಣಮ್ಮ. ಮುಂದಿಂದು ಮುಂದೆ ನೋಡೋಣ” ಅಂದರು.

ಮಾಲು ತೆರೆದ ದಿನ ಹುಲ್ಲಹಳ್ಳಿ, ಹೆಡಿಯಾಲದಿಂದೆಲ್ಲ ಜನ ಬಂದರು. ಓಡುವ ಮೆಟ್ಟಿಲನ್ನು ಹತ್ತಿದರು, ಇಳಿದರು, ಮತ್ತೆ ಹತ್ತಿದರು. ಎ.ಸಿ.ಯಲ್ಲಿ ಬೆವರು ಆರಿಸಿಕೊಂಡರು. ಹೊರಗೆ ಬಂದು ಚುರುಮುರಿ ತಿಂದು ಬಸ್ಸು ಹತ್ತಿದರು. ಒಂದು ವರ್ಷ ಪೂರ್ತಿ ಹೀಗೇ ನಡೆಯಿತು. ಗಾಜಿನ ಮೇಲೆ ಬೆರಳಿನ ಗುರುತು ಬಿಟ್ಟರೆ ಗಿರಾಕಿಗಳು ಮಾಲಿಗೆ ಕೊಟ್ಟದ್ದು ಏನೂ ಇಲ್ಲ. ಎರಡನೇ ಮಹಡಿಯ ಮಳಿಗೆಗಳಿಗೆ ಬಾಡಿಗೆದಾರರೇ ಬರಲಿಲ್ಲ. ಶಿವರಾಜು ಮಾವನವರು ಊರೆಲ್ಲ ಕೇಳುವ ಹಾಗೆ, “ಆ ಜಾಗ್ದಲ್ಲಿ ಕಲ್ಯಾಣ ಮಂಟಪ ಕಟ್ಟು ಅಂದೆ, ಕೇಳ್ಲಿಲ್ಲ” ಅನ್ನತೊಡಗಿದರು.

ಮೊದಲ ಮಹಡಿಯಲ್ಲಿ ತೇಜಸ್ವಿನಿ ಅನ್ನುವವಳದು ಮಕ್ಕಳ ಬಟ್ಟೆ ಅಂಗಡಿ. ಮೈಸೂರಿನಲ್ಲಿ ದೊಡ್ಡ ಅಂಗಡಿಯೊಂದರಲ್ಲಿ ಕೆಲಸ ಕಲಿತು ಬಂದಿದ್ದಳು. ಚೆಂದದ ಬಟ್ಟೆ ತರಿಸಿದ್ದಳು, ಸೇಲ್ಸಿನ ಹುಡುಗಿಯರಿಗೆ ಸೈಜು ನೋಡಿ ಕೊಡುವುದನ್ನು ಕಲಿಸಿದ್ದಳು. ಅದೇ ತಪ್ಪಾಗಿತ್ತು. ಒಂದು ಭಾನುವಾರ ಹಳೆಯ ಗಿರಾಕಿ ದೇವೀರಮ್ಮ ಮೊಮ್ಮಗಳನ್ನು ಕರೆದುಕೊಂಡು ಬಂದು ಒಂದು ಫ್ರಾಕು ಮೆಚ್ಚಿದಳು. ಹುಡುಗಿಯರು ಇಪ್ಪತ್ತಾರು ಸೈಜು ಸರಿ ಅಂದರು, ದೇವೀರಮ್ಮ ಮೂವತ್ತೇ ಬೇಕು ಅಂದಳು. ಮೂವತ್ತು ತೊಡಿಸಿದಾಗ ಮಗು ಹೊಲದ ಬೆರ್ಚಪ್ಪನ ಹಾಗೆ ಕಂಡಿತು. ಹುಡುಗಿಯರು ಬಾಯಿಗೆ ಕೈ ಇಟ್ಟುಕೊಂಡು ನಕ್ಕರು. ದೇವೀರಮ್ಮನ ಮುಖ ಕೆಂಪಾಯಿತು. ಫ್ರಾಕು ಕಳಚಿ ಅಲ್ಲೇ ಹಾಕಿ, ಮೊಮ್ಮಗಳ ಕೈ ಎಳೆದುಕೊಂಡು ಹಿಂದಿನ ಮೆಟ್ಟಿಲಿಳಿದು ಬಂದಳು.

ಕೆಳಗೆ ಪುಟ್ಟಮಾದಮ್ಮ ಕೂತಿದ್ದಳು. ಎಲ್ಲ ಕೇಳಿದಳು. ಮೆಷಿನ್ ಬಿಟ್ಟು ಎದ್ದು, ಅಜ್ಜಿ ಮೊಮ್ಮಗಳನ್ನು ಮತ್ತೆ ಮೇಲಕ್ಕೆ ಕರೆದುಕೊಂಡು ಹೋದಳು.

“ಆ ಫ್ರಾಕ್ ಕೊಡವ್ವ ಇಲ್ಲಿ” ಅಂದಳು ತೇಜಸ್ವಿನಿಗೆ.

“ದೊಡ್ಡದಾಗುತ್ತೆ ಅಕ್ಕ, ಚೆನ್ನಾಗಿ ಕಾಣಲ್ಲ.”

“ಕೂಸು ಬೆಳೀತದೆ ಕಣವ್ವ. ನಿಮ್ ಫ್ರಾಕ್ ಬೆಳೆದದಾ?”

ಅರ್ಧ ಗಂಟೆಯಲ್ಲಿ ಫ್ರಾಕು ಮಗುವಿನ ಮೈಮೇಲೆ ಅಚ್ಚುಕಟ್ಟಾಗಿ ಕೂತಿತ್ತು. ಒಳಗೆ ಒಂದು ಗೇಣು ಬಟ್ಟೆ ಮಲಗಿದೆ ಅಂತ ಹೊರಗಿನವರಿಗೆ ಗೊತ್ತೇ ಆಗುತ್ತಿರಲಿಲ್ಲ. ದೇವೀರಮ್ಮ ಆ ಫ್ರಾಕಿನ ಜೊತೆಗೆ ಇನ್ನೆರಡು ಜೊತೆ ಬಟ್ಟೆ ತಗೊಂಡಳು. ತೇಜಸ್ವಿನಿ ಜಾಣೆ, ಒಂದೇ ಪಾಠ ಸಾಕಾಯಿತು. ಮಾರನೆಯ ದಿನದಿಂದಲೇ ಅವಳ ಹುಡುಗಿಯರು ಗಿರಾಕಿಗಳಿಗೆ, “ಎರಡು ಸೈಜು ದೊಡ್ಡದೇ ತಗೊಳ್ಳಿ, ಕೆಳಗೆ ಪುಟ್ಟಕ್ಕ ಮಡಚಿ ಕೊಡ್ತಾರೆ” ಅನ್ನಲು ಶುರು ಮಾಡಿದರು.

ಮಾಲು ಬೆಳೆದದ್ದು ಅಲ್ಲಿಂದ. ಇದರ ಗುಟ್ಟು ಹೊಲಿಯುವುದರಲ್ಲಿ ಇರಲಿಲ್ಲ, ಬಿಚ್ಚುವುದರಲ್ಲಿ ಇತ್ತು. ಮಡಿಕೆ ಹಾಕಿಸಿಕೊಂಡು ಹೋದ ತಾಯಿ ದಸರಾಕ್ಕೋ ಮೇ ತಿಂಗಳಿಗೋ ಬಿಚ್ಚಿಸಲು ಬಂದೇ ಬರಬೇಕು. ಬಿಚ್ಚಿ, ಇಸ್ತ್ರಿ ಹಾಕಿ, ಹೊಸ ಅಂಚು ಹೊಲಿಯಲು ಒಂದು ಗಂಟೆ. ಆ ಗಂಟೆ ಅವಳು ಏನು ಮಾಡಬೇಕು? ಮಾಲಿನಲ್ಲಿ ತಿರುಗಬೇಕು. ತಿರುಗುವಾಗ ಚಪ್ಪಲಿ ಕಾಣುತ್ತದೆ, ಕುಕ್ಕರು ಕಾಣುತ್ತದೆ, ಮಕ್ಕಳಿಗೆ ಹಸಿವಾಗುತ್ತದೆ. ಮೊದಲು ಪಾತ್ರೆ ಅಂಗಡಿ ಚೇತರಿಸಿಕೊಂಡಿತು. ಆಮೇಲೆ ಎರಡನೇ ಮಹಡಿ ತುಂಬಿತು, ಮಸಾಲೆ ದೋಸೆಯವರು ಬಂದರು, ಮೂರನೇ ಮಹಡಿಗೆ ಎರಡು ಸಿನಿಮಾ ಪರದೆ ಬಂತು. ಬಸ್ಸಿನವರು ಹಳೆಯ ಟಾಕೀಸ್ ಸ್ಟಾಪನ್ನು ಮಾಲ್ ಸ್ಟಾಪು ಅಂತ ಕೂಗತೊಡಗಿದರು. ಕೊರೊನಾದಲ್ಲಿ ಎಲ್ಲರ ಹಾಗೆ ಮಾಲೂ ಬಾಗಿಲು ಹಾಕಿತು. ತೆರೆದ ಮೊದಲ ವಾರ ಜನ ಬಂದದ್ದು ಹಿಂದಿನ ಗೇಟಿನಿಂದಲೇ, ಎರಡು ವರ್ಷದಲ್ಲಿ ಬೆಳೆದ ಮಕ್ಕಳ ಬಟ್ಟೆ ಹಿಡಿದುಕೊಂಡು.

ಇಷ್ಟೆಲ್ಲ ಆದರೂ ಪುಟ್ಟಮಾದಮ್ಮ ಮೆಟ್ಟಿಲ ಕೆಳಗೇ ಇದ್ದಳು. ವರ್ಷಕ್ಕೊಮ್ಮೆ ಶಿವರಾಜು ಅವರನ್ನು ಮುಂದಿನ ಮಳಿಗೆ ಕೇಳುವಳು, ವರ್ಷಕ್ಕೊಮ್ಮೆ ಅವರು ‘ನೋಡೋಣ’ ಅನ್ನುವರು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಇಂಥವರನ್ನು ನೋಡಿಯೇ ಇರಬೇಕು.

ಇಪ್ಪತ್ತೆರಡನೇ ಇಸವಿಯಲ್ಲಿ ಶಿವರಾಜು ಮಾಲನ್ನು ಇನ್ನಷ್ಟು ದೊಡ್ಡದು ಮಾಡಬೇಕೆಂದು ಸಮೀರ ಅನ್ನುವ ಮ್ಯಾನೇಜರನ್ನು ತಂದರು. ಓದಿದವನು, ಮಾತು ಮೆತ್ತಗೆ, ಯಾರಿಗೂ ಏಕವಚನ ಬಳಸುವವನಲ್ಲ. ಯುಗಾದಿಗೆ ಹದಿನೈದು ದಿನ ಇರುವಾಗ ಅವನು ಹಿಂದಿನ ಮೆಟ್ಟಿಲ ಹತ್ತಿರ ಬಂದು ನಿಂತ.

“ಅಮ್ಮ, ದಯವಿಟ್ಟು ತಪ್ಪು ತಿಳ್ಕೋಬೇಡಿ. ಈ ಜಾಗಕ್ಕೆ ಕಾಫಿ ಕೌಂಟರ್ ಬರುತ್ತೆ. ಹಬ್ಬದ ಹೊತ್ತಿಗೆ ಖಾಲಿ ಮಾಡಿಕೊಡಬೇಕು. ಆಲ್ಟರೇಷನ್ನಿಗೆ ಮೂರನೇ ಮಹಡೀಲಿ ಬೇರೆ ವ್ಯವಸ್ಥೆ ಮಾಡ್ತಿದ್ದೀವಿ.”

“ಅಲ್ಲಿಗೇ ನಾನೂ ಬತ್ತೀನಿ ಬುಡಿ ಸಾ.”

“ಅಲ್ಲಿಗೆ ಸರ್ಟಿಫಿಕೇಟ್ ಇರೋ ಟೈಲರ್ ಬರ್ತಾರೆ ಅಮ್ಮ.”

“ನಂಗೂ ಸರ್ಟಿಪಿಕೇಟ್ ಅದೆ ಸಾ. ತಾಲ್ಲೂಕ್ ಪಂಚಾಯ್ತೀದು.”

ಸಮೀರ ಮುಗುಳ್ನಕ್ಕ. ಬೈದಿದ್ದರೆ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ.

ತೇಜಸ್ವಿನಿ ಶಿವರಾಜು ಹತ್ತಿರ ಹೋಗಿ ಹೇಳಿ ನೋಡಿದಳು. “ಎಲ್ಲಾ ಮ್ಯಾನೇಜರಿಗೆ ಬಿಟ್ಟಿದ್ದೀನಿ ಕಣಮ್ಮ” ಅಂದರು ಅವರು. ನಾಗಯ್ಯ ಹಿಂದಿನ ಗೇಟಿಗೆ ಆಟೋ ತಂದು ಮೆಷಿನ್ ಹೇರಿದ. ಯಾವತ್ತೂ ಒಂದಲ್ಲ ಒಂದು ಕುಶಾಲು ಮಾಡುತ್ತಿದ್ದ ಮನುಷ್ಯ ಅವತ್ತು ಸುಮ್ಮನಿದ್ದದ್ದು ನೋಡಿಯೇ ಪುಟ್ಟಮಾದಮ್ಮನಿಗೆ ಅಳು ಕಿತ್ತುಕೊಂಡು ಬಂತು. ಇಪ್ಪತ್ತನಾಲ್ಕು ವರ್ಷ ಆ ನೆಲದ ಮೇಲೆ ಕೂತು, ಕೊನೆಗೆ ಹಿಂದಿನ ಗೇಟಿನಿಂದ ಹೊರಟಿದ್ದಳು. ತಾನು ಸೋತೆ ಅಂತಲೇ ಅವಳು ಅಂದುಕೊಂಡಳು.

ಮಗಳು ಕವನ ತಿ. ನರಸೀಪುರದಲ್ಲಿ ಪ್ರೈಮರಿ ಸ್ಕೂಲ್ ಟೀಚರು. ಬಸ್ ಸ್ಟ್ಯಾಂಡಿನ ಹತ್ತಿರ ಬಾಡಿಗೆ ಮನೆ. “ನಮ್ಮನೆ ಜಗಲಿ ಅದೆ, ಮೆಷಿನ್ ಹಾಕೊ ಅವ್ವ, ಮನಸ್ಸಿಗೂ ಸಮಾಧಾನ” ಅಂತ ತಾಯಿಯನ್ನು ಕರೆಸಿಕೊಂಡಳು. ಏಪ್ರಿಲ್ ತಿಂಗಳು ಪೂರ್ತಿ ಅಲ್ಲಿ ಪುಟ್ಟಮಾದಮ್ಮನಿಗೆ ಸಿಕ್ಕಿದ್ದು ನಾಲ್ಕು ಸೀರೆ ಫಾಲು, ಒಂದು ಚೀಲದ ಜಿಪ್ಪು.

ಮೇ ತಿಂಗಳ ಎರಡನೇ ಸೋಮವಾರ ಇಬ್ಬರು ಹೆಂಗಸರು ಬಸ್ಸಿಳಿದು ಮನೆ ಹುಡುಕಿಕೊಂಡು ಬಂದರು. ಅವಳದೇ ಹಳೆಯ ಮಡಿಕೆಗಳನ್ನು ಬಿಚ್ಚಿಸಬೇಕಿತ್ತು. ಮಾಲಿಗೆ ಹೋಗಿ ಮೆಟ್ಟಿಲ ಕೆಳಗೆ ನೋಡಿದರೆ ಕಾಫಿ ಯಂತ್ರ! ತೇಜಸ್ವಿನಿ ಮೆಲ್ಲಗೆ ಚೀಟಿಯಲ್ಲಿ ವಿಳಾಸ ಬರೆದು ಕೊಟ್ಟಿದ್ದಳು. “ಅಲ್ಲಾ ಕಣಕ್ಕ, ಏಳ್ದೆ ಕೇಳ್ದೆ ಬಂದ್ಬುಟ್ಟಿದ್ದೀಯಲ್ಲ” ಅಂತ ಜಗಳಕ್ಕೇ ಬಂದರು. ಮಾರನೆಯ ದಿನ ಐದು ಜನ. ವಾರ ಕಳೆಯುವುದರೊಳಗೆ ಜಗಲಿ ಸಾಲದೆ ಅಂಗಳಕ್ಕೆ ಚಾಪೆ ಹಾಸಬೇಕಾಯಿತು. ಬಂದವರು ಬಿಚ್ಚಿಸಿಕೊಂಡು ಸುಮ್ಮನೆ ಹೋಗುತ್ತಾರೆಯೇ? ಹೊಸ ಬಟ್ಟೆಯನ್ನೂ ತಿ. ನರಸೀಪುರದ ಬೀದಿಯಲ್ಲೇ ಕೊಂಡು ತಂದು ಹೊಲಿಸಿಕೊಂಡು ಹೋದರು. ಬಸ್ ಸ್ಟ್ಯಾಂಡಿನ ಬಟ್ಟೆ ಅಂಗಡಿಯವರೊಬ್ಬರು ತಾವಾಗಿಯೇ ಬಂದು, “ನಮ್ಮ ಅಂಗ್ಡೀಲಿ ಅರ್ಧ ಬಿಟ್ಕೊಡ್ತೀವಿ ಬನ್ನಿ ಅಮ್ಮ” ಅಂತ ಕರೆದರು. ಕವನ ಒಪ್ಪಿಕೊ ಅಂದಳು. ಪುಟ್ಟಮಾದಮ್ಮ ಬೇಡವೆಂದು ತಲೆಯಾಡಿಸಿದಳು. ಅವಳ ಹಟ ನಂಜನಗೂಡಿನದು. ಅದು ಬೇರೆ ಊರಿನಲ್ಲಿ ತೀರುವಂಥದ್ದಲ್ಲ.

ಇತ್ತ ಮಾಲಿನಲ್ಲಿ ಹೊಸ ಟೈಲರು ರವಿಕುಮಾರ ಕೆಲಸಕ್ಕೆ ಕೂತಿದ್ದ. ಮೂವತ್ತೈದರ ಪ್ರಾಯ, ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಪಳಗಿದ ಕೈ, ಕರೆಂಟಿನ ಮೆಷಿನ್ನು. ಹೊಸದಾಗಿ ಶಾಲೆಗೆ ಸೇರುವ ಮಕ್ಕಳ ಬಟ್ಟೆಯೆಲ್ಲ ಆ ಮೇ ತಿಂಗಳು ಅವನ ಕೈಗೇ ಹೋಯಿತು. ಟೇಪು ಹಿಡಿದು ಅಳೆದು, ನಿಮಿಷದಲ್ಲಿ ಮುಗಿಸಿ, ನೂಲೆಳೆ ಆಚೀಚೆ ಆಗದಂತೆ ಕೊಡುತ್ತಿದ್ದ. ಸಮೀರನಿಗೆ ಬಹಳ ಖುಷಿಯಾಗಿತ್ತು.

ದಸರಾ ರಜೆ ಬಂತು. ಹಾಸ್ಟೆಲಿನ ಮಕ್ಕಳು ಬೆಳೆದು ಮನೆಗೆ ಬಂದರು. ದೇವೀರಮ್ಮ ಮೊಮ್ಮಗಳ ಯೂನಿಫಾರಂ ಹಿಡಿದು ಜಗಲಿಗೆ ಬಂದು ಕೂತಳು. “ಈ ಸಲ ಮಾಲಲ್ಲೇ ಒಲಿಸ್ದೆ ಕಣಕ್ಕ, ನೀನಿರ್ನಿಲ್ಲ. ಒಸಿ ಬಿಚ್ಕೊಡು.” ಪುಟ್ಟಮಾದಮ್ಮ ಅಂಚನ್ನು ತಿರುಗಿಸಿದಳು. ಬೆರಳಿಗೆ ಮಡಿಕೆ ಸಿಗಲಿಲ್ಲ. ಸೊಂಟದಲ್ಲಿ ನೋಡಿದಳು, ತೋಳಿನಲ್ಲಿ ನೋಡಿದಳು. ಎಲ್ಲ ಕಡೆಯೂ ನೂಲು ಬಿಚ್ಚದಂತೆ ನೀಟಾಗಿ ಓವರ್‌ಲಾಕ್ ಹೊಡೆದ ಗೆರೆ, ಅದರಾಚೆ ಏನೂ ಇಲ್ಲ.

“ಬಟ್ಟೆ ಎಲ್ಲವ್ವ?” ಅಂದಳು ದೇವೀರಮ್ಮ.

“ಕತ್ತರ್ಸಿ ಬಿಸಾಕವ್ನೆ” ಅಂದಳು ಪುಟ್ಟಮಾದಮ್ಮ. ತನ್ನನ್ನು ಕಳಿಸಿದ್ದಕ್ಕಿಂತ ಇದು ಅವಳಿಗೆ ಹೆಚ್ಚು ಉರಿಯಿತು. ಒಂದು ಗೇಣು ಬಟ್ಟೆ ಅಂದರೆ ಒಂದು ಮಗುವಿನ ಎರಡು ವರ್ಷ. “ಇದ್ನ ನಾನ್ ಸರಿ ಮಾಡಕಾಗಲ್ಲ. ಕತ್ತರ್ಸಿದ ಜಾಗಕ್ಕೇ ತಗೊಂಡೋಗಿ ತೋರ್ಸಿ.”

ದೇವೀರಮ್ಮ ಒಬ್ಬಳೇ ಹೋಗಲಿಲ್ಲ. ಮೂರನೆಯ ದಿನ ನಲವತ್ತು ಹೆಂಗಸರು ಮಾಲಿನ ಮೂರನೇ ಮಹಡಿ ಹತ್ತಿ, ಕೌಂಟರಿನ ಮೇಲೆ ಲಂಗ, ಪ್ಯಾಂಟು, ಫ್ರಾಕುಗಳನ್ನೆಲ್ಲ ಒಳಹೊರಗು ಮಾಡಿ ರಾಶಿ ಹಾಕಿದರು. ಇದನ್ನೆಲ್ಲ ತೇಜಸ್ವಿನಿ ಪುಟ್ಟಮಾದಮ್ಮನಿಗೆ ಫೋನಿನಲ್ಲಿ ಹೇಳಿದಳು. ರವಿಕುಮಾರ ಕೈ ಮುಗಿದು, “ಟೇಪ್ ಪ್ರಕಾರ ಕರೆಕ್ಟಾಗಿ ಮಾಡಿದ್ದೀನಿ ಮೇಡಂ, ಜಾಸ್ತಿ ಬಟ್ಟೆ ಒಳಗಿದ್ರೆ ಫಿನಿಶಿಂಗ್ ಹೋಗುತ್ತೆ ಅಂತ ತೆಗೆದೆ” ಅಂದನಂತೆ. ಪಾಪ, ಕಲಿತ ಕಡೆಯಲ್ಲಿ ಎಲ್ಲವನ್ನೂ ಹೇಳಿಕೊಟ್ಟಿದ್ದರು, ಮಕ್ಕಳು ಬೆಳೆಯುತ್ತಾರೆ ಅನ್ನುವುದೊಂದನ್ನು ಬಿಟ್ಟು. ಮಾಲಿನವರು ಎಲ್ಲರಿಗೂ ಹೊಸ ಬಟ್ಟೆ ಕೊಟ್ಟು ಕಳಿಸಿದರು, ರವಿಕುಮಾರನನ್ನೂ ಕಳಿಸಿದರು. ಆದರೆ ಸುದ್ದಿ ಬಸ್ಸಿನಲ್ಲಿ ಓಡಾಡಿತು. ದೀಪಾವಳಿಯ ಹಿಂದಿನ ಭಾನುವಾರ ಮಾಲಿನಲ್ಲಿ ಸೆಕ್ಯುರಿಟಿಯವರೇ ಜಾಸ್ತಿ ಇದ್ದರು.

ಅಂಗಡಿಯವರೆಲ್ಲ ಶಿವರಾಜು ಮುಂದೆ ಸೇರಿದರು. ಪಾತ್ರೆಯವರು, ಚಪ್ಪಲಿಯವರು, ದೋಸೆಯವರು ಎಲ್ಲರದೂ ಒಂದೇ ಮಾತು, ಆಯಮ್ಮನನ್ನು ಕರೆಸಿ. ಕಾರ್ತೀಕದ ಒಂದು ಬೆಳಿಗ್ಗೆ ತಿ. ನರಸೀಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಕಾರು ನಿಂತಿತು. ಶಿವರಾಜು, ಸಮೀರ ಇಳಿದರು. ಜಗಲಿಯ ಮೇಲೆ ಏಳೆಂಟು ಹೆಂಗಸರು ಸರದಿಗೆ ಕೂತಿದ್ದರು. ಕವನ ಟೀ ತಂದುಕೊಟ್ಟಳು. ಇವರಪ್ಪ ಚಿಕ್ಕಬಸಪ್ಪನವರು ಇಂಥ ಮನೆಯಲ್ಲಿ ನೀರೂ ಮುಟ್ಟಿದವರಲ್ಲ. ಶಿವರಾಜು ಟೀ ಕುಡಿದು ಇನ್ನರ್ಧ ಲೋಟ ಕೇಳಿದರು. ಕಾಲ ಸುಮ್ಮನೆ ಬದಲಾಗುವುದಿಲ್ಲ, ಬೇಕಾದಾಗ ಬದಲಾಗುತ್ತದೆ.

“ಆಗಿದ್ದು ಆಯ್ತು ಪುಟ್ಟಮಾದಮ್ಮ. ನಿನ್ ಜಾಗ ನಿಂಗೇ. ಕಾಫಿ ಯಂತ್ರ ತೆಗೆಸ್ತೀನಿ, ನಾಳೆಯಿಂದ್ಲೇ ಬಾ.”

ಪುಟ್ಟಮಾದಮ್ಮ ಮೆಷಿನ್ ನಿಲ್ಲಿಸಲಿಲ್ಲ. ಒಂದು ಅಂಚು ಮುಗಿಸಿ, ದಾರ ಕಡಿದು, ಆಮೇಲೆ ಮಾತಾಡಿದಳು.

“ಮೆಟ್ಲು ಕೆಳಗೆ ಇನ್ ಬರಕಿಲ್ಲ ಸಾ. ಮುಂದ್ಗಡೆ ಬಾಗ್ಲು ಪಕ್ದಲ್ಲಿ ಮೂಲೆ ಮಳಿಗೆ ಅದಲ್ಲ, ಅದ್ನ ಕೊಡಿ. ಅಗ್ರಿಮೆಂಟ್ ನನ್ನೆಸ್ರಲ್ಲಿ ಆಗ್ಲಿ. ಬೋರ್ಡು ನಂದು. ಬಾಡ್ಗೆ ಎಲ್ರಂಗೆ ನಾನೂ ಕಟ್ತೀನಿ.”

“ಅದು ಚಿನ್ನದ ಅಂಗಡಿಯವ್ರಿಗೆ ಮಾತಾಗಿದೆ ಕಣಮ್ಮ!”

“ಅಂಗಾದ್ರೆ ಚಿನ್ನದವ್ರ ಕೈಲೇ ಮಡಿಕೆ ಒಲಿಸ್ಕಳಿ ಸಾ.”

ಜಗಲಿಯ ಹೆಂಗಸರು ಗೊಳ್ಳೆಂದು ನಕ್ಕರು. ಶಿವರಾಜು ಕೆನ್ನೆ ಕೆರೆದುಕೊಂಡರು. ಅಷ್ಟು ಹೊತ್ತು ನಿಂತೇ ಇದ್ದ ಸಮೀರ ಬಾಯಿ ಬಿಟ್ಟ. “ಸರ್, ಆ ಮಳಿಗೆ ಇವರಿಗೇ ಕೊಡಿ. ಚಿನ್ನ ಕೊಳ್ಳೋಕೆ ಜನ ವರ್ಷಕ್ಕೆ ಒಂದು ಸಲ ಬರ್ತಾರೋ ಇಲ್ವೋ. ಇವರ ಹತ್ರ ಬಂದೇ ಬರ್ತಾರೆ. ಇದನ್ನ ನಾನು ಮೊದಲೇ ನೋಡಬೇಕಿತ್ತು, ತಪ್ಪು ನಂದು.” ಆಮೇಲೆ ಪುಟ್ಟಮಾದಮ್ಮನ ಕಡೆ ತಿರುಗಿ, “ಅವತ್ತು ನೀವು ಸರ್ಟಿಫಿಕೇಟ್ ಅಂದಾಗ ನಗಬಾರದಿತ್ತು ಅಮ್ಮ” ಅಂದ. ಅವಳಿಗೆ ಅವನ ಮೇಲಿದ್ದ ಸಿಟ್ಟೆಲ್ಲ ಅಲ್ಲಿಗೆ ಇಳಿದುಹೋಯಿತು.

ಸಂಕ್ರಾಂತಿ ಕಳೆದ ವಾರ ಕಪಿಲಾ ಮಾಲಿನ ಮುಂಬಾಗಿಲ ಪಕ್ಕ ಹಸಿರು ಬೋರ್ಡು ಏರಿತು: ‘ಪುಟ್ಟಮಾದಮ್ಮ ಹೊಲಿಗೆ ಅಂಗಡಿ’. ರಸ್ತೆಯ ಆಚೆಯಿಂದ ಓದಬಹುದಾದಷ್ಟು ದೊಡ್ಡ ಅಕ್ಷರ. ನಾಗಯ್ಯ ಆಟೋವನ್ನು ಬೇಕೆಂದೇ ಮುಂದಿನ ಗೇಟಿನಿಂದ ತಂದು, ಹಾರ್ನ್ ಹೊಡೆದು, ಮೆಷಿನ್ ಇಳಿಸಿದ. “ಬೋರ್ಡಲ್ಲಿ ನನ್ನೆಸ್ರೂ ಒಂದ್ ಮೂಲೇಲಿ ಆಕ್ಸಬೌದಿತ್ತು ಕಣಮ್ಮಿ” ಅಂದ. “ನೀನು ಲಗೇಜ್ ಡಿಪಾಟ್ಮೆಂಟು, ಸುಮ್ನಿರು” ಅಂದಳು ಹೆಂಡತಿ. ರಿಬ್ಬನ್ ಕತ್ತರಿಸಲು ಯಾರನ್ನಾದರೂ ದೊಡ್ಡವರನ್ನು ಕರೆಸೋಣ ಅಂತ ಶಿವರಾಜು ಕೇಳಿದ್ದರು, ಅವಳು ಬೇಡ ಅಂದಿದ್ದಳು. ಶಟರನ್ನು ತಾನೇ ಎತ್ತಿದಳು. ಐವತ್ತು ದಾಟಿದ ತೋಳಿಗೆ ಅದು ಭಾರವೇ, ಆದರೂ ಒಂದೇ ಸಲಕ್ಕೆ ಮೇಲಕ್ಕೆ ಹೋಯಿತು. ದೇವೀರಮ್ಮ, ತೇಜಸ್ವಿನಿ, ತಲಕಾಡು, ಹೆಮ್ಮರಗಾಲ, ಸುತ್ತೂರಿನ ಕಡೆಯ ಹೆಂಗಸರು ಚಪ್ಪಾಳೆ ತಟ್ಟಿದರು. ಮಧ್ಯಾಹ್ನದ ಹೊತ್ತಿಗೆ ಸಾಲು ಓಡುವ ಮೆಟ್ಟಿಲಿನ ತನಕ ಬೆಳೆದಿತ್ತು. ಪುಟ್ಟಮಾದಮ್ಮನಿಗೆ ಊಟದ ನೆನಪೂ ಆಗಲಿಲ್ಲ, ಅಷ್ಟು ಸಂತೋಷ.

ಸಾಲು ಕರಗಿದ ಮೇಲೆ ಬಾಗಿಲ ಹತ್ತಿರ ಒಬ್ಬ ಗಂಡಸು ಇನ್ನೂ ನಿಂತಿದ್ದ. ಕೈಯಲ್ಲಿ ಬಟ್ಟೆಯಿರಲಿಲ್ಲ. ತೇಜಸ್ವಿನಿ ಬಗ್ಗಿ ಕಿವಿಯಲ್ಲಿ, “ಅವನೇ ರವಿಕುಮಾರ” ಅಂದಳು. ದಸರಾದಿಂದ ಅವನಿಗೆ ಎಲ್ಲೂ ಕೆಲಸ ಸಿಕ್ಕಿರಲಿಲ್ಲ. ಬಟ್ಟೆ ಕತ್ತರಿಸಿದವನು ಅನ್ನುವ ಹೆಸರು ಅವನಿಗಿಂತ ಮೊದಲೇ ಎಲ್ಲ ಕಡೆ ಹೋಗಿರುತ್ತಿತ್ತು.

“ತಪ್ಪಾಯ್ತು ಅಮ್ಮ. ಮಡಿಕೆ ಹಾಕೋದು ಹೇಳಿಕೊಡಿ, ಕಲೀತೀನಿ” ಅಂದ.

ಪುಟ್ಟಮಾದಮ್ಮ ಅವನು ಹೊಲಿದ ಅಂಚುಗಳನ್ನು ನೋಡಿದ್ದಳು. ಸಿಟ್ಟಿನ ನಡುವೆಯೂ ಆ ಹೊಲಿಗೆಯ ನೇರ ಅವಳ ಕಣ್ಣಿಗೆ ಬಿದ್ದಿತ್ತು. “ಕೈ ಚೆನ್ನಾಗದೆ ಕಣಪ್ಪ ನಿಂದು. ನಾಳಿಂದ ಬಾ. ಒಂದ್ ವರ್ಸ ಮಾತ್ರ ಕತ್ತರಿ ಮುಟ್ಟಂಗಿಲ್ಲ.”

ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಂಗಡಿಯನ್ನೊಮ್ಮೆ ಸುತ್ತ ನೋಡಿದ. ಹಿಂದಿನ ಗೋಡೆಗೆ ಒರಗಿದ್ದ ಚಿಕ್ಕ ಸ್ಟೂಲಿನ ಕಡೆ ಕೈ ತೋರಿಸಿ, “ನಾನು ಅಲ್ಲಿ, ಆ ಮೂಲೇಲಿ ಕೂತ್ಕೊಳ್ಳಲಾ ಅಮ್ಮ?” ಅಂತ ಕೇಳಿದ.

ಇಪ್ಪತ್ತೈದು ವರ್ಷ ಈ ಮಾತನ್ನು ಪುಟ್ಟಮಾದಮ್ಮನೇ ಇನ್ನೊಬ್ಬರ ಮುಂದೆ ನಿಂತು ಕೇಳಿದ್ದಳು. ಎಲ್ಲಿ ಕೂರಲಿ ಅಂತ ಒಬ್ಬರು ಅವಳನ್ನು ಕೇಳಿದ್ದು ಇದೇ ಮೊದಲು. ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಂಡು, ಸ್ಟೂಲನ್ನು ತಾನೇ ಎತ್ತಿ ತಂದು ಗಾಜಿನ ಹತ್ತಿರ, ತನ್ನ ಮೆಷಿನ್ನಿನ ಪಕ್ಕಕ್ಕೆ ಹಾಕಿದಳು.

“ಮೂಲೇಲಿ ಯಾಕಪ್ಪ? ಮುಂದ್ಗಡೆ ಕೂತ್ಕೊ,” ಅಂದಳು, “ಓಗೋರು ಬರೋರ್ಗೆಲ್ಲ ಕಾಣಂಗೆ.”